14 ದಿನಗಳ ಲೆಕ್ಕ

ಕಂಪ್ಯೂಟರ್ ಕೈಗೆಟುಕುವ ಮುಂಚೆ, ಷೇರಿನ ಚಾರ್ಟ್ ಬೇಕೆಂದವರು ಗ್ರಾಫ್ ಹಾಳೆ, ಪೆನ್ಸಿಲ್ ಹಿಡಿದು ಕೂರಬೇಕಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಅದಕ್ಕೆ ಬೇಕಾದ ಸರಕು ಬೆಳಗ್ಗೆ ಬಾಗಿಲಿಗೇ ಬಂದು ಬೀಳುತ್ತಿತ್ತು. ಶಿವಾಜಿನಗರಕ್ಕೆ ಹತ್ತಿರದ ಎಂ.ಜಿ. ರಸ್ತೆಯಲ್ಲಿ 1948ರಲ್ಲಿ ಶುರುವಾದ ‘ಡೆಕ್ಕನ್ ಹೆರಾಲ್ಡ್’, ‘ಪ್ರಜಾವಾಣಿ’ಗಳ ವಾಣಿಜ್ಯ ಪುಟದಲ್ಲಿ ಹಿಂದಿನ ದಿನದ ಮುಕ್ತಾಯದ ಬೆಲೆಗಳಿರುತ್ತಿದ್ದವು. 1963ರಲ್ಲಿ ಆರಂಭವಾದ ಬೆಂಗಳೂರು ಷೇರು ವಿನಿಮಯ ಕೇಂದ್ರ ಪೇಟೆಯ ಕಡೆ, ಜೆ.ಸಿ. ರಸ್ತೆಯಲ್ಲಿ ನೆಲೆನಿಂತಿತು.

ಆ ಚಾರ್ಟ್‌ನಲ್ಲಿ ಬೆಲೆ ಎಷ್ಟಿದೆ ಎಂಬುದಕ್ಕಿಂತ ಎಷ್ಟು ರಭಸದಲ್ಲಿ ಏರುತ್ತಿದೆ, ಇಳಿಯುತ್ತಿದೆ ಎಂದು ಅಳೆಯುವ ಸೂಚ್ಯಂಕಗಳಿಗೆ ಮೊಮೆಂಟಮ್ ಇಂಡಿಕೇಟರ್ ಎಂದು ಹೆಸರು. ಇವುಗಳಲ್ಲಿ ಮನೆಮಾತಾದ ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಅಂದರೆ ಆರ್‌ಎಸ್‌ಐ ಅನ್ನು ಕೊಟ್ಟವರು ಅಮೆರಿಕದ ಜೆ. ವೆಲ್ಸ್ ವೈಲ್ಡರ್. ಮೂಲತಃ ಮೆಕ್ಯಾನಿಕಲ್ ಎಂಜಿನಿಯರ್. 1978ರ ಅವರ ಪುಸ್ತಕದಲ್ಲಿ ಎಡಿಎಕ್ಸ್, ಪ್ಯಾರಾಬೋಲಿಕ್ ಸಾರ್ ಎಂಬ ಸೂಚ್ಯಂಕಗಳೂ ಇದ್ದವು.

ಲೆಕ್ಕ ಹೈಸ್ಕೂಲಿನ ಮಟ್ಟದ್ದು. 14 ದಿನಗಳಲ್ಲಿ ಏರಿದ ದಿನಗಳ ಏರಿಕೆಯೆಲ್ಲ ಕೂಡಿ 42 ರೂಪಾಯಿ, ಇಳಿದ ದಿನಗಳ ಇಳಿಕೆ 14 ರೂಪಾಯಿ ಎನ್ನೋಣ. ಸರಾಸರಿ ಏರಿಕೆ 3, ಇಳಿಕೆ 1, ಅನುಪಾತ 3. ಅದಕ್ಕೆ 1 ಸೇರಿಸಿ, 100ನ್ನು ಅದರಿಂದ ಭಾಗಿಸಿದರೆ 25. ಆ 25ನ್ನು 100ರಿಂದ ಕಳೆದರೆ ಆರ್‌ಎಸ್‌ಐ 75. ವೈಲ್ಡರ್ ಪ್ರಕಾರ 70 ದಾಟಿದರೆ ಕೊಳ್ಳುವಿಕೆ ಅತಿಯಾಗಿದೆ, 30ಕ್ಕಿಂತ ಇಳಿದರೆ ಮಾರಾಟ ಅತಿಯಾಗಿದೆ. ಮರುದಿನಕ್ಕೆ ಹಳೆಯ 14 ಬೆಲೆಗಳನ್ನು ಮತ್ತೆ ಕೂಡಬೇಕಿಲ್ಲ. ಏರಿಕೆ, ಇಳಿಕೆಗಳ ಹಿಂದಿನ ಸರಾಸರಿಯನ್ನು ಬೇರೆಬೇರೆಯಾಗಿ 13ರಿಂದ ಗುಣಿಸಿ, ಇಂದಿನ ಏರಿಕೆ ಅಥವಾ ಇಳಿಕೆ ಸೇರಿಸಿ, 14ರಿಂದ ಭಾಗಿಸಿದರಾಯಿತು. 15ನೇ ದಿನ ಷೇರು 15 ರೂಪಾಯಿ ಬಿದ್ದರೆ, 75 ಇದ್ದದ್ದು ಒಂದೇ ಏಟಿಗೆ 58ಕ್ಕೆ ಇಳಿಯುತ್ತದೆ. ಕೈಲೆಕ್ಕದವರಿಗೆ ಹೇಳಿ ಮಾಡಿಸಿದ ಉಪಾಯ.

ಆದರೆ ಈ ಸೂತ್ರಕ್ಕೆ ಬೆಲೆ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬೆಂಗಳೂರಿನದೇ ಇನ್ಫೊಸಿಸ್ ನೋಡಿ. 1993ರಲ್ಲಿ 95 ರೂಪಾಯಿಗೆ ಷೇರು ನೀಡಿದಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ; ಜೂನ್‌ನಲ್ಲಿ ಪೇಟೆಗೆ ಬಂದಾಗ ಅದು ತೆರೆದದ್ದು 145ಕ್ಕೆ. 2013ರ ಏಪ್ರಿಲ್ 12ರಂದು ಮುಂದಿನ ವರ್ಷದ ಅಂದಾಜು ನಿರೀಕ್ಷೆಗಿಂತ ಕಡಿಮೆ ಎಂದು ತಿಳಿದದ್ದೇ ತಡ, ಒಂದೇ ದಿನದಲ್ಲಿ ಶೇ 21ರಷ್ಟು ಕುಸಿಯಿತು. ಹಿಂದಿನ 14 ದಿನಗಳ ಬೆಲೆಯಲ್ಲಿ ಆ ಸುದ್ದಿ ಎಲ್ಲಿಂದ ಬರಬೇಕು?

1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ಪರದೆಯ ಮೇಲೆ ವಹಿವಾಟು ತಂದ ಮೇಲೆ ಊರೂರಿನ ವಿನಿಮಯ ಕೇಂದ್ರಗಳ ವ್ಯಾಪಾರ ಸೊರಗಿತು. 2014ರ ಡಿಸೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಒಪ್ಪಿಗೆಯೊಂದಿಗೆ ಬೆಂಗಳೂರು ಕೇಂದ್ರವೂ ಕಣದಿಂದ ಹೊರಬಿತ್ತು. ಅಷ್ಟರಲ್ಲಿ ಇದೇ ಊರಿನಲ್ಲಿ ನಿತಿನ್ ಮತ್ತು ನಿಖಿಲ್ ಕಾಮತ್ ಸಹೋದರರು 2010ರಲ್ಲಿ ತೆರೆದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಬೆಳೆಯುತ್ತಿತ್ತು. ಅದರ ‘ಕೈಟ್’ ಆ್ಯಪ್‌ನಲ್ಲಿ ಬೆರಳು ಒತ್ತಿದರೆ ಆರ್‌ಎಸ್‌ಐ ಗೆರೆ ಮೂಡುತ್ತದೆ. ‘ವರ್ಸಿಟಿ’ ಎಂಬ ಉಚಿತ ಪಾಠಮಾಲೆಯಲ್ಲಿ ಆರ್‌ಎಸ್‌ಐ ಪಾಠವೂ ಇದೆ.

ಸೂತ್ರ ಬದಲಾಗಿಲ್ಲ, ಬದಲಾದದ್ದು ಗಡಿಯಾರ. ಒಂದೇ ದಿನದಲ್ಲಿ ಕೊಂಡು ಮಾರುವ ಇಂಟ್ರಾಡೇ ವಹಿವಾಟಿನವರು 5 ನಿಮಿಷದ ಚಾರ್ಟ್ ಹಾಕಿದರೆ ವೈಲ್ಡರ್‌ನ 14 ದಿನಗಳು 70 ನಿಮಿಷಗಳಾಗುತ್ತವೆ. ಬೆಳಗ್ಗೆ 9.15ರಿಂದ 3.30ರವರೆಗೆ 75 ಸಲ ಹೊಸ ಅಂಕಿ ಬರುತ್ತದೆ. ದಿನಕ್ಕೊಂದರಂತೆ ಗ್ರಾಫ್ ಹಾಳೆಯಲ್ಲಿ ಅಷ್ಟನ್ನು ಗುರುತಿಸಲು 15 ವಾರ ಬೇಕಿತ್ತು. 30, 70ರ ಗೆರೆ ದಾಟಿದಾಗೆಲ್ಲ ಕೊಳ್ಳುವ, ಮಾರುವ ಆಸೆ ಹುಟ್ಟುತ್ತದೆ, ಪ್ರತಿ ವಹಿವಾಟಿಗೂ ಶುಲ್ಕ ಬೀಳುತ್ತದೆ. ಯಾರು ಯಾವ ಸೂಚ್ಯಂಕ ನೋಡಿದರು ಎಂದು ಸೆಬಿ ಲೆಕ್ಕ ಇಟ್ಟಿಲ್ಲ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಅದು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ, ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡಿಕೊಳ್ಳುವ ಫ್ಯೂಚರ್ಸ್–ಆಪ್ಷನ್ಸ್‌ಗೆ ಇಳಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93 ಮಂದಿ ಕಳೆದುಕೊಂಡವರೇ. ಶುಲ್ಕ, ತೆರಿಗೆಯಂಥ ವಹಿವಾಟಿನ ಖರ್ಚಿಗೇ ಆ ವಹಿವಾಟುದಾರರೆಲ್ಲರ ಕಿಸೆಯಿಂದ ಹೋದದ್ದು ಸುಮಾರು 50,000 ಕೋಟಿ ರೂಪಾಯಿ.