ಒಣನಾಡಿನ ನದಿತೀರ ಸಸ್ಯಗಳು ಮತ್ತು ನೀರಿನ ಕೊರತೆ

ನದಿತೀರ ಸಸ್ಯವರ್ಗವೆಂದರೆ ಹೊಳೆ, ತೊರೆ, ಹಳ್ಳಗಳ ದಡದಲ್ಲಿ ಅವುಗಳ ನೀರಿನ ಆಸರೆಯಿಂದ ಬೆಳೆಯುವ ಮರಗಿಡಗಳ ಸಮುದಾಯ. ಮರುಭೂಮಿಗಳಲ್ಲಿಯೂ ಅರೆಶುಷ್ಕ ಪ್ರದೇಶಗಳಲ್ಲಿಯೂ ಇದು ಕುರುಚಲು ಕಾಡಿನ ನಡುವೆ ಕಿರಿದಾದ ಹಸಿರು ಪಟ್ಟಿಯಾಗಿ ಕಾಣುತ್ತದೆ. ಒಣನಾಡಿನಲ್ಲಿದ್ದರೂ ಈ ಸಸ್ಯಗಳಲ್ಲಿ ಹಲವು ಬರವನ್ನು ಸಹಿಸಲು ಹೊಂದಿಕೊಂಡವಲ್ಲ. ಆಳದ ನೀರನ್ನು ಮುಟ್ಟುವ ಬೇರುಗಳ ಮೂಲಕ ಬರವನ್ನು ತಪ್ಪಿಸಿಕೊಂಡು ಬದುಕುವಂಥವು. ಆದುದರಿಂದ ಸ್ಥಳೀಯ ಮಳೆಗಿಂತಲೂ ದಡದ ಅಂತರ್ಜಲದ ಮಟ್ಟ ಇವುಗಳ ಅಳಿವು ಉಳಿವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಕಾವೇರಿಯ ದಡದಲ್ಲಿ ಇದನ್ನು ಕಾಣಬಹುದು.

ಹನೂರಿನ ಕಾವೇರಿ ತೀರ

ಹನೂರು ಸೀಮೆ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ಇಲ್ಲಿ ಮಳೆ ಹೆಚ್ಚಾಗಿ ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ; ಜೂನ್, ಜುಲೈಗಳಲ್ಲಿ ಕಡಿಮೆ. ಆದರೆ ಕೊಡಗಿನ ಮುಂಗಾರಿನಿಂದ ಕಾವೇರಿ ತುಂಬಿ ಬರುವ ಕಾಲವೂ ಇದೇ. ಹೀಗಾಗಿ ಬೆಟ್ಟದ ಇಳಿಜಾರಿನ ದಿಂಡಿಗ, ಕಮರ, ಕಗ್ಗಲಿ ಮರಗಳು ಊರಿನ ಮಳೆಯನ್ನೇ ನೆಚ್ಚಿಕೊಂಡಿದ್ದರೆ, ಕೆಳಗಿನ ದಡದ ಮರಗಳಿಗೆ ದೂರದ ಮಳೆಯೂ ಒದಗುತ್ತದೆ.

ದಡದ ಪ್ರಧಾನ ಮರ ಹೊಳೆಮತ್ತಿ (ಟರ್ಮಿನಾಲಿಯಾ ಅರ್ಜುನ). ನೀರುಮತ್ತಿ, ತೊರೆಮತ್ತಿ ಎಂಬ ಇದರ ಬೇರೆ ಹೆಸರುಗಳೇ ಇದರ ನೆಲೆಯನ್ನು ತಿಳಿಸುತ್ತವೆ. ಹೊಂಗೆ, ನೇರಳೆ, ಹುಣಸೆಗಳೂ ಇಲ್ಲಿವೆ. ಈ ಪಟ್ಟಿಯ ಬಹುಭಾಗ 1987ರಲ್ಲಿ ಘೋಷಿಸಲಾದ ಕಾವೇರಿ ವನ್ಯಜೀವಿಧಾಮದಲ್ಲಿದೆ. ಅಪರೂಪದ ಬೂದುಬಣ್ಣದ ದೊಡ್ಡ ಅಳಿಲು (ರಟೂಫಾ ಮ್ಯಾಕ್ರೌರಾ) ಇಲ್ಲಿ ವಾಸಿಸುತ್ತದೆ. ಅದು ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿಯಾದ್ದರಿಂದ, ದಡದಲ್ಲಿ ಕೆಲವು ಮರಗಳು ಒಣಗಿದರೂ ಅದರ ದಾರಿ ಕಡಿಯುತ್ತದೆ.

ಸಸ್ಯದೊಳಗಿನ ಬದಲಾವಣೆಗಳು

ಬೇರಿನ ಸುತ್ತಲ ಮಣ್ಣು ಒಣಗತೊಡಗಿದಾಗ ಮರದಲ್ಲಿ ಅಬ್ಸಿಸಿಕ್ ಆಮ್ಲದ ಪ್ರಮಾಣ ಏರುತ್ತದೆ. ಇದರ ಪ್ರಭಾವದಿಂದ ಎಲೆಗಳ ಪತ್ರರಂಧ್ರಗಳು ಮುಚ್ಚಿಕೊಂಡು ಬಾಷ್ಪವಿಸರ್ಜನೆ ತಗ್ಗುತ್ತದೆ. ನೀರು ಉಳಿಯುತ್ತದೆ ನಿಜ, ಆದರೆ ಅದೇ ರಂಧ್ರಗಳಿಂದ ಒಳಬರಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ನಿಂತು ಆಹಾರ ತಯಾರಿಕೆ ಕುಂಠಿತವಾಗುತ್ತದೆ.

ಕೊರತೆ ಮುಂದುವರಿದರೆ ಅಪಾಯ ಕಾಂಡದೊಳಗೆ ಸಾಗುತ್ತದೆ. ಬೇರಿನಿಂದ ಎಲೆಯವರೆಗೆ ಕ್ಸೈಲಮ್ ನಾಳಗಳಲ್ಲಿ ನೀರು ಕಡಿಯದ ಎಳೆಯಂತೆ ಮೇಲಕ್ಕೆ ಸೆಳೆಯಲ್ಪಡುತ್ತಿರುತ್ತದೆ. ಸೆಳೆತ ಮಿತಿ ಮೀರಿದರೆ ಈ ಎಳೆ ಕಡಿದು, ನಾಳದೊಳಗೆ ಗಾಳಿ ತುಂಬಿಕೊಳ್ಳುತ್ತದೆ. ಆ ನಾಳ ನೀರು ಸಾಗಿಸಲಾರದು. ನೀರು ಸಮೃದ್ಧವಾಗಿರುವಲ್ಲಿ ಬೆಳೆಯುವ ಮರಗಳ ನಾಳಗಳು ಈ ಹಾನಿಗೆ ಬೇಗ ಈಡಾಗುವುದು ಅನೇಕ ಜಾತಿಗಳಲ್ಲಿ ಕಂಡುಬಂದಿದೆ. ಇಂಥ ಮರ ಮೊದಲು ಎಲೆ ಉದುರಿಸಿ, ಅನಂತರ ತುದಿಯ ಕೊಂಬೆಗಳನ್ನು ಬಲಿಕೊಟ್ಟು, ಉಳಿದ ಬೇರಿನ ಶಕ್ತಿಗೆ ತಕ್ಕಷ್ಟು ಕಿರಿದಾಗುತ್ತದೆ. ನೆತ್ತಿ ಬೋಳಾಗಿ ನಡುವಿನಲ್ಲಿ ಹಸಿರಿರುವ ದಡದ ಮರವನ್ನು ಕಂಡಾಗ ಅಂತರ್ಜಲ ಇಳಿದಿರುವುದನ್ನು ಶಂಕಿಸಬಹುದು. ಆದರೆ ಹೊಳೆಮತ್ತಿ ಬೇಸಿಗೆಗೆ ಮುನ್ನ ಎಲೆ ಉದುರಿಸುವುದು ಸಹಜ ಕ್ರಮ. ಅದನ್ನೇ ಸಂಕಟದ ಲಕ್ಷಣವೆಂದು ಎಣಿಸಬಾರದು.

ಬಲಿತ ಮರ ಮತ್ತು ಸಸಿ

ದಡದ ಮರಗಳೆಲ್ಲ ಹೊಳೆಯ ನೀರನ್ನೇ ಕುಡಿಯುತ್ತವೆಂಬ ಊಹೆ ಸರಿಯಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಟಾಡ್ ಡಾಸನ್ ಮತ್ತು ಜೇಮ್ಸ್ ಎಲೆರಿಂಜರ್ ಹೈಡ್ರೋಜನ್ ಐಸೊಟೋಪುಗಳ ನೆರವಿನಿಂದ ಅಧ್ಯಯನ ನಡೆಸಿ, ತೊರೆಯ ಪಕ್ಕದ ಬಲಿತ ಮರಗಳು ತೊರೆಯ ನೀರನ್ನು ಬಿಟ್ಟು ಆಳದ ನೀರನ್ನು ಬಳಸುತ್ತಿದ್ದುದನ್ನು 1991ರಲ್ಲಿ ತೋರಿಸಿದರು. ಸಸಿಗಳಿಗೆ ಆ ಸೌಲಭ್ಯವಿಲ್ಲ. ನೆರೆ ಇಳಿದ ಮೇಲೆ ಹಸಿ ಮರಳಿನಲ್ಲಿ ಮೊಳೆತ ಸಸಿಯ ಬೇರು, ಇಳಿಯುತ್ತಿರುವ ತೇವವನ್ನು ಬೆನ್ನಟ್ಟಬೇಕು. ಉತ್ತರ ಅಮೆರಿಕದ ಪಾಪ್ಲರ್ ಸಸಿಗಳಿಗೆ ದಿನಕ್ಕೆ ಸುಮಾರು 2.5 ಸೆಂ.ಮೀ. ಇಳಿತದವರೆಗೆ ಇದು ಸಾಧ್ಯ. ಇಳಿತ ಅದಕ್ಕಿಂತ ವೇಗವಾದರೆ ಸಸಿ ಸಾಯುತ್ತದೆ. ಹಳೆಯ ಮರಗಳು ನಿಂತಿದ್ದು ಮರಿಗಿಡಗಳೇ ಇಲ್ಲದ ದಡ, ಹೊರನೋಟಕ್ಕೆ ಎಷ್ಟೇ ಹಸಿರಾಗಿದ್ದರೂ, ಕ್ಷೀಣಿಸುತ್ತಿರುವ ಕಾಡಾಗಿರಬಹುದು.

ಬೇಸಿಗೆಯಲ್ಲಿ ಬತ್ತುವ ಹಳ್ಳಗಳಲ್ಲಿ ಮರಳೇ ನೀರಿನ ತಿಜೋರಿ. ಜನರು ಮರಳಿನಲ್ಲಿ ಒರತೆ ತೋಡಿ ನೀರು ಪಡೆಯುತ್ತಾರೆ. ಆನೆಗಳೂ ಹೀಗೆಯೇ ಮಾಡುತ್ತವೆ. ಆ ಮರಳನ್ನು ತೆಗೆದರೆ ದಡದ ಬೇರುಗಳಿಗೂ ತೇವ ತಪ್ಪುತ್ತದೆ. ಇಂಥ ಒಣಗಿದ ನೆಲೆಗಳಲ್ಲಿ ಆಳವಾಗಿ ಬೇರಿಳಿಸುವ ಬಳ್ಳಾರಿ ಜಾಲಿ ಸುಲಭವಾಗಿ ತಳವೂರುತ್ತದೆ.

ಹರಿವಿನ ನಿಯಂತ್ರಣ

ಚೀನಾದ ತರಿಮ್ ನದಿಗೆ 1972ರಲ್ಲಿ ದಾಶಿಹೈಜಿ ಜಲಾಶಯ ಕಟ್ಟಿದ ಮೇಲೆ ಕೆಳಗಿನ ಸುಮಾರು 320 ಕಿ.ಮೀ. ಪಾತ್ರ ಬತ್ತಿ, ಮರುಭೂಮಿಯ ಪಾಪ್ಲರ್ ಕಾಡು ಒಣಗಿತು. 2000ದಿಂದ ನೀರು ಬಿಡಲಾರಂಭಿಸಿದಾಗ ಪಾತ್ರಕ್ಕೆ ಹತ್ತಿರದ ಮರಗಳು ಚಿಗುರಿದವು. ದೂರದವುಗಳ ಚೇತರಿಕೆ ಅಷ್ಟಾಗಿರಲಿಲ್ಲ.

ಹನೂರಿನ ಬಳಿ ಕಾವೇರಿ ಹಾಗೆ ಬತ್ತಿಲ್ಲ. ಆದರೆ ಮೇಲೆ ಕೃಷ್ಣರಾಜಸಾಗರ ಮತ್ತು 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯಗಳಿರುವುದರಿಂದ ಹರಿವು ಮಳೆಯನ್ನಷ್ಟೇ ಅನುಸರಿಸುವುದಿಲ್ಲ. ತಮಿಳುನಾಡಿಗೆ ಹರಿಯುವ ನೀರನ್ನು ಬಿಳಿಗುಂಡ್ಲುವಿನಲ್ಲಿ ಅಳೆಯಲಾಗುತ್ತದೆ. ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು ಅಲ್ಲಿನ 192 ಟಿಎಂಸಿ ಅಡಿ ನೀರಿನಲ್ಲಿ 10 ಟಿಎಂಸಿ ಅಡಿಯನ್ನು ಪರಿಸರಕ್ಕೆಂದು ಗುರುತಿಸಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಒಟ್ಟು ಪ್ರಮಾಣವನ್ನು 177.25 ಟಿಎಂಸಿ ಅಡಿಗೆ ಇಳಿಸಿತು. ದಡದ ಸಸಿಗಳಿಗೆ ವರ್ಷದ ಮೊತ್ತದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ನೀರು ಯಾವಾಗ ಏರುತ್ತದೆ, ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂಬುದು ಮುಖ್ಯ. ಪ್ರಸ್ತಾವಿತ ಮೇಕೆದಾಟು ಜಲಾಶಯ ಈ ಪಟ್ಟಿಗೆ ಒಡ್ಡುವ ಅಪಾಯ ತದ್ವಿರುದ್ಧವಾದದ್ದು: ನೆರೆಯನ್ನು ಕೆಲಕಾಲ ತಾಳಿಕೊಳ್ಳುವ ಹೊಳೆಮತ್ತಿಯೂ ಶಾಶ್ವತ ಮುಳುಗಡೆಯಲ್ಲಿ ಬದುಕಲಾರದು.