ವರ್ಲ್ಡ್ ಸೀರೀಸ್ ಹಾಕಿ: 2012ರ ಋತು

ವರ್ಲ್ಡ್ ಸೀರೀಸ್ ಹಾಕಿ ಎಂಬುದು ಭಾರತದಲ್ಲಿ 2012ರ ಫೆಬ್ರುವರಿ 29ರಿಂದ ಏಪ್ರಿಲ್ 2ರವರೆಗೆ ನಡೆದ ವೃತ್ತಿಪರ ಹಾಕಿ ಲೀಗ್. ಎಂಟು ತಂಡಗಳು, 59 ಪಂದ್ಯಗಳು. ಭಾರತೀಯ ಹಾಕಿ ಫೆಡರೇಶನ್ (ಐಎಚ್‌ಎಫ್) ಮತ್ತು ನಿಂಬಸ್ ಸ್ಪೋರ್ಟ್ ಸಂಸ್ಥೆ ಸೇರಿ ನಡೆಸಿದ ಈ ಲೀಗಿಗೆ ಅಂತಾರಾಷ್ಟ್ರೀಯ ಹಾಕಿ ಫೆಡರೇಶನ್ನಿನ ಮಾನ್ಯತೆ ಇರಲಿಲ್ಲ. ಪ್ರಶಸ್ತಿ ಶೇರ್-ಎ-ಪಂಜಾಬ್ ಪಾಲಾಯಿತು. ಅರ್ಜುನ್ ಹಾಲಪ್ಪ ಮುನ್ನಡೆಸಿದ ಕರ್ನಾಟಕ ಲಯನ್ಸ್ ಸೆಮಿಫೈನಲ್ ತಲುಪಿತ್ತು. ಎರಡನೆಯ ಋತು ನಡೆಯಲೇ ಇಲ್ಲ.

ಈ ಲೀಗ್ ಹುಟ್ಟಿದ್ದು ಆಟದ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಎರಡು ಆಡಳಿತ ಸಂಸ್ಥೆಗಳ ಜಗಳದಿಂದ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು 0–2ರಿಂದ ಸೋತ ಭಾರತ, 1928ರಿಂದೀಚೆಗೆ ಮೊದಲ ಬಾರಿ ಒಲಿಂಪಿಕ್ಸ್‌ನಿಂದ ಹೊರಗುಳಿಯಿತು. ಮರುತಿಂಗಳೇ ಐಎಚ್‌ಎಫ್ ಕಾರ್ಯದರ್ಶಿ ಕೆ. ಜ್ಯೋತಿಕುಮಾರನ್ ವಿರುದ್ಧ ಟಿ.ವಿ. ವಾಹಿನಿಯೊಂದರ ಕುಟುಕು ಕಾರ್ಯಾಚರಣೆ ಬಯಲಿಗೆ ಬಂತು. ಭಾರತೀಯ ಒಲಿಂಪಿಕ್ ಸಂಸ್ಥೆ ಐಎಚ್‌ಎಫ್ ಅನ್ನು ಅಮಾನತು ಮಾಡಿತು. 2009ರಲ್ಲಿ ಹಾಕಿ ಇಂಡಿಯಾ ಹುಟ್ಟಿತು. 2010ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಐಎಚ್‌ಎಫ್ ಮಾನ್ಯತೆ ರದ್ದು ಮಾಡಿದ್ದು ಸರಿಯಲ್ಲ ಎಂದಿತು. ಹೀಗೆ ಒಂದೇ ಆಟಕ್ಕೆ ಇಬ್ಬರು ಯಜಮಾನರಾದರು: ರಾಷ್ಟ್ರೀಯ ತಂಡ, ಅಂತಾರಾಷ್ಟ್ರೀಯ ಮಾನ್ಯತೆ ಎರಡೂ ಹಾಕಿ ಇಂಡಿಯಾದ ಕೈಯಲ್ಲಿ; ಐಎಚ್‌ಎಫ್ ಬಳಿ ಉಳಿದದ್ದು ಕೋರ್ಟಿನ ತೀರ್ಪು ಮತ್ತು ಹಳೆಯ ಹೆಸರು. ಆ ಹೆಸರನ್ನು ಹಣವಾಗಿಸುವ ದಾರಿಯಾಗಿ ಲೀಗ್ ಬಂತು.

ಆಟಗಾರರು ಅತ್ತ ಒಲಿದದ್ದಕ್ಕೂ ಕಾರಣವಿತ್ತು. 2010ರ ಜನವರಿಯಲ್ಲಿ, ದೆಹಲಿ ವಿಶ್ವಕಪ್‌ಗೆ ಕೆಲವೇ ವಾರಗಳಿದ್ದಾಗ, ಪುಣೆಯ ಶಿಬಿರದಲ್ಲಿದ್ದ ರಾಷ್ಟ್ರೀಯ ತಂಡ ಬಾಕಿ ಹಣ ಕೊಡದೆ ಅಭ್ಯಾಸಕ್ಕೆ ಇಳಿಯುವುದಿಲ್ಲ ಎಂದು ಕುಳಿತಿತ್ತು. ಆಗ ನಾಯಕನಾಗಿದ್ದವರು ರಾಜ್‌ಪಾಲ್ ಸಿಂಗ್. ದೇಶದ ಜರ್ಸಿ ತೊಟ್ಟವರೇ ಕೂಲಿ ಕೇಳಬೇಕಾದ ಕಡೆ, ಒಪ್ಪಂದಪತ್ರ ಹಿಡಿದು ಬಂದವರ ಮಾತು ಕಿವಿಗೆ ಬೀಳುವುದು ಸಹಜ.

ವೃತ್ತಿಪರ ಲೀಗ್ ಎಂಬುದು ಹಾಕಿಗೆ ಹೊಸತೇನೂ ಆಗಿರಲಿಲ್ಲ. 2005ರಲ್ಲಿ ಐಎಚ್‌ಎಫ್, ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್ ಜೊತೆಗೂಡಿ ಪ್ರೀಮಿಯರ್ ಹಾಕಿ ಲೀಗ್ ಆರಂಭಿಸಿತ್ತು. ಮೊದಲ ಪ್ರಶಸ್ತಿ ಹೈದರಾಬಾದ್ ಸುಲ್ತಾನ್ಸ್ ಪಾಲಾದರೆ ಮರುವರ್ಷ ಬೆಂಗಳೂರು ಲಯನ್ಸ್ ಗೆದ್ದಿತು. 2008ರಲ್ಲಿ ಐಎಚ್‌ಎಫ್ ಜೊತೆಗೇ ಆ ಲೀಗೂ ಮುಳುಗಿತು. ಐಪಿಎಲ್‌ಗಿಂತ ಮೂರು ವರ್ಷ ಮೊದಲೇ ಶುರುವಾಗಿತ್ತು ಎಂಬುದನ್ನು ಹಾಕಿಯವರೇ ಮರೆತಂತಿದೆ.

ಹೊಸ ಲೀಗಿನ ತಂಡಗಳು ಇವು: ಕರ್ನಾಟಕ ಲಯನ್ಸ್, ಚೆನ್ನೈ ಚೀತಾಸ್, ಪುಣೆ ಸ್ಟ್ರೈಕರ್ಸ್, ಮುಂಬೈ ಮರೀನ್ಸ್, ಭೋಪಾಲ್ ಬಾದ್‌ಶಾಸ್, ದೆಹಲಿ ವಿಜರ್ಡ್ಸ್, ಚಂಡೀಗಢ ಕಾಮೆಟ್ಸ್, ಶೇರ್-ಎ-ಪಂಜಾಬ್. ಪ್ರತಿ ತಂಡ ಉಳಿದ ಏಳರೊಡನೆ ತವರಿನಲ್ಲೊಮ್ಮೆ, ಹೊರಗೊಮ್ಮೆ, ಒಟ್ಟು 14 ಪಂದ್ಯ ಆಡಬೇಕು. ಮೊದಲ ನಾಲ್ಕು ಸ್ಥಾನದವರು ಸೆಮಿಫೈನಲ್‌ಗೆ. ಇಷ್ಟನ್ನೂ ತುರುಕಿದ್ದು 34 ದಿನಗಳೊಳಗೆ. ತಮಿಳುನಾಡಿನ ಗಡಿಯ ಹೊಸೂರು, ಕೃಷ್ಣಗಿರಿ ಕಡೆಯ ಕನ್ನಡಿಗರಿಗೆ ಈ ಪಟ್ಟಿಯಲ್ಲಿ ಎರಡು ‘ತವರು’ ತಂಡಗಳಿದ್ದವು. ಆಡಳಿತದ ಲೆಕ್ಕದಲ್ಲಿ ಚೆನ್ನೈ ಚೀತಾಸ್ ಅವರದು. ಆದರೆ ಚೆನ್ನೈನ ಎಗ್ಮೋರ್ ಮೈದಾನ ಹೊಸೂರಿನಿಂದ ಸುಮಾರು 300 ಕಿಲೋಮೀಟರ್. ಲಯನ್ಸ್ ಆಡುತ್ತಿದ್ದ ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಹಾಕಿ ಕ್ರೀಡಾಂಗಣ ಸುಮಾರು 40 ಕಿಲೋಮೀಟರ್. ಸಂಜೆ ಪಂದ್ಯ ನೋಡಿ ರಾತ್ರಿ ಬಸ್ಸಿಗೆ ಮನೆ ಸೇರುವಷ್ಟು ಹತ್ತಿರದ್ದು ಒಂದೇ.

ನಿಯಮಗಳಲ್ಲೂ ಬದಲಾವಣೆ ಇತ್ತು. ಆಗ ಜಗತ್ತಿನೆಲ್ಲೆಡೆ ಹಾಕಿ ಪಂದ್ಯ 35 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತಿತ್ತು. ಇಲ್ಲಿ ಅದೇ 70 ನಿಮಿಷಗಳನ್ನು ಹದಿನೇಳೂವರೆ ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಾಗಿ ಒಡೆದರು. ಇದೂ ಪ್ರೀಮಿಯರ್ ಹಾಕಿ ಲೀಗಿನಿಂದ ಬಂದದ್ದೇ. ಟಿ.ವಿ. ಜಾಹೀರಾತಿಗೆ ಜಾಗ ಮಾಡಿಕೊಡುವ ಉಪಾಯ ಎಂಬ ಆಕ್ಷೇಪ ಸುಳ್ಳಲ್ಲ. ನಿಂಬಸ್‌ಗೆ ನಿಯೋ ಸ್ಪೋರ್ಟ್ಸ್ ಎಂಬ ಸ್ವಂತ ವಾಹಿನಿಯೇ ಇತ್ತು. ಆದರೂ ಮಾರ್ಚ್ ತಿಂಗಳ ಬಿಸಿಲಲ್ಲಿ ಆಡುವವರಿಗೆ ನೀರು ಕುಡಿಯಲು, ಕೋಚ್‌ಗೆ ಯೋಜನೆ ತಿದ್ದಲು ಆ ಬಿಡುವು ನೆರವಾಯಿತು. 2014ರ ಸೆಪ್ಟೆಂಬರ್‌ನಿಂದ ಅಂತಾರಾಷ್ಟ್ರೀಯ ಫೆಡರೇಶನ್ ತಾನೇ 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಿಗೆ ಬದಲಾಯಿತು.

ಲೀಗ್ ಮೊದಲು 2011ರ ಡಿಸೆಂಬರ್‌ನಲ್ಲೇ ಶುರುವಾಗಬೇಕಿತ್ತು. ಮುಂದೂಡಿ ಮುಂದೂಡಿ ಕೊನೆಗೆ ಬಂದು ನಿಂತದ್ದು ಒಲಿಂಪಿಕ್ ಅರ್ಹತಾ ಟೂರ್ನಿಯ ಬೆನ್ನಿಗೆ. ಫೆಬ್ರುವರಿ 26ರಂದು ದೆಹಲಿಯಲ್ಲಿ ಭಾರತ ಫ್ರಾನ್ಸನ್ನು 8–1ರಿಂದ ಬಗ್ಗುಬಡಿದು ಲಂಡನ್‌ಗೆ ಟಿಕೆಟ್ ಪಡೆಯಿತು. ಸಂದೀಪ್ ಸಿಂಗ್ ಒಬ್ಬರೇ ಐದು ಗೋಲು ಹೊಡೆದರು. ಮೂರೇ ದಿನಕ್ಕೆ ಲೀಗಿನ ಮೊದಲ ಪಂದ್ಯ. ದೇಶದ ಗಮನ ಹಾಕಿಯ ಮೇಲೆ ನೆಟ್ಟಿದ್ದ ಹೊತ್ತದು, ಆದರೆ ಆ ಗಮನ ಸೆಳೆದ ಆಟಗಾರರು ಮಾತ್ರ ಲೀಗಿನ ಕಣದಲ್ಲಿರಲಿಲ್ಲ. ಹಾಕಿ ಇಂಡಿಯಾದ ಶಿಬಿರದಲ್ಲಿದ್ದವರು ಇತ್ತ ಬರುವಂತಿರಲಿಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಒಲಿಂಪಿಕ್ ತಂಡದ ಕಡೆ. ಅದೇ ಊರಿನ, 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದ ಹಾಲಪ್ಪ ಲಯನ್ಸ್ ಕಡೆ. ಕೊಡಗಿನ ಒಂದು ಸಣ್ಣ ಪಟ್ಟಣವನ್ನೂ ಈ ಜಗಳ ಇಬ್ಭಾಗ ಮಾಡಿತ್ತು.

ಹಾಗಾಗಿ ಲಯನ್ಸ್ ಹಳಬರ ತಂಡವಾಗಿತ್ತು, ಅದೇ ಅದರ ಸೊಗಸು ಕೂಡ. ಕೋಚ್ ಆಗಿ ಭಾರತದ ಮಾಜಿ ನಾಯಕ, ಬೆಂಗಳೂರಿನ ಜೂಡ್ ಫೆಲಿಕ್ಸ್; ಪೆನಾಲ್ಟಿ ಕಾರ್ನರ್‌ಗೆ ಕೊಡಗಿನ ಡ್ರ್ಯಾಗ್ ಫ್ಲಿಕರ್ ಲೆನ್ ಅಯ್ಯಪ್ಪ. ಜೊತೆಗೆ ಧನರಾಜ್ ಪಿಳ್ಳೈ. ಪುಣೆಯ ಖಡ್ಕಿಯಲ್ಲಿ ತಮಿಳು ಕುಟುಂಬದಲ್ಲಿ ಹುಟ್ಟಿ, ನಾಲ್ಕು ಒಲಿಂಪಿಕ್ಸ್ ಆಡಿ, 43ನೇ ವಯಸ್ಸಿನಲ್ಲಿ ಅವರು ಕರ್ನಾಟಕದ ಹೆಸರಿನ ಜರ್ಸಿ ತೊಟ್ಟರು. ಮಗನ ವಯಸ್ಸಿನ ಹುಡುಗರ ಎದುರು ಅವರನ್ನು ಇಳಿಸಿದ್ದು ಟಿಕೆಟ್ ಮಾರುವ ತಂತ್ರವೇ ಇರಬಹುದು; ಆದರೆ ಟಿಕೆಟ್ ಕೊಂಡವರು ನೋಡಬಯಸಿದ್ದೂ ಅವರನ್ನೇ.

ಹೊರದೇಶದವರಲ್ಲಿ ಪಾಕಿಸ್ತಾನದ ಶಕೀಲ್ ಅಬ್ಬಾಸಿ, ರೆಹಾನ್ ಬಟ್ ಮುಖ್ಯರು. ಲೀಗಿಗೆ ಬಂದ ತಪ್ಪಿಗೆ ಪಾಕಿಸ್ತಾನ ಫೆಡರೇಶನ್ ಅವರ ಮೇಲೆ ಕ್ರಮ ಕೈಗೊಂಡಿತು. ಕೆಲವೇ ತಿಂಗಳಲ್ಲಿ ಅವರಿಬ್ಬರನ್ನೂ ಲಂಡನ್ ಒಲಿಂಪಿಕ್ಸ್‌ಗೂ ಕರೆದೊಯ್ದಿತು! ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದದ್ದು ಚಂಡೀಗಢ ಕಾಮೆಟ್ಸ್‌ನ ಗುರ್ಜಿಂದರ್ ಸಿಂಗ್. ಮುಂಬೈನ ಮಹೀಂದ್ರ ಕ್ರೀಡಾಂಗಣದಲ್ಲಿ ಏಪ್ರಿಲ್ 2ರಂದು ನಡೆದ ಫೈನಲ್‌ನಲ್ಲಿ ಪ್ರಭ್‌ಜೋತ್ ಸಿಂಗ್ ನಾಯಕತ್ವದ ಶೇರ್-ಎ-ಪಂಜಾಬ್, ಪುಣೆ ಸ್ಟ್ರೈಕರ್ಸ್ ತಂಡವನ್ನು 5–2ರಿಂದ ಸೋಲಿಸಿತು.

ಎರಡನೆಯ ಋತು 2012ರ ಡಿಸೆಂಬರ್‌ನಲ್ಲಿ ಆರಂಭ ಎಂದು ಘೋಷಣೆಯಾಗಿತ್ತು. ಅಷ್ಟರಲ್ಲಿ ನಿಂಬಸ್‌ನ ಕೈ ಬರಿದಾಗಿತ್ತು. ಹಣ ಪಾವತಿಯ ತಕರಾರಿನಿಂದ ಕ್ರಿಕೆಟ್ ಮಂಡಳಿ 2011ರ ಡಿಸೆಂಬರ್‌ನಲ್ಲೇ ಅದರ ಪ್ರಸಾರ ಒಪ್ಪಂದ ರದ್ದು ಮಾಡಿತ್ತು. ಹಾಕಿ ಆಟಗಾರರಿಗೂ ಪೂರ್ತಿ ಹಣ ಬಂದಿಲ್ಲ ಎಂಬ ದೂರುಗಳು ಪತ್ರಿಕೆಗಳಲ್ಲಿ ಬಂದವು. ಪುಣೆ ಶಿಬಿರದ ಬಾಕಿಯ ಕತೆ ಬೇರೆ ಯಜಮಾನನ ಕೈಯಲ್ಲಿ ಮರುಕಳಿಸಿತ್ತು.

ಬಂಡಾಯದ ಲೀಗುಗಳ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಅಂತ್ಯಗಳಿವೆ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ 1972ರಲ್ಲಿ ಎದ್ದ ವರ್ಲ್ಡ್ ಹಾಕಿ ಅಸೋಸಿಯೇಶನ್ ಏಳು ಋತು ಬಾಳಿತು. 1979ರಲ್ಲಿ ಅದು ಮುಚ್ಚಿದಾಗ ಎಡ್ಮಂಟನ್, ವಿನಿಪೆಗ್, ಕ್ವಿಬೆಕ್, ಹಾರ್ಟ್‌ಫರ್ಡ್ ತಂಡಗಳನ್ನು ಅಧಿಕೃತ ಲೀಗಾದ ಎನ್‌ಎಚ್‌ಎಲ್ ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿ ಊರಿನ ಜನರಿಗೆ ತಂಡ ಉಳಿಯಿತು. ಇಲ್ಲಿ ಹಾಗಾಗಲಿಲ್ಲ. ಹಾಕಿ ಇಂಡಿಯಾ 2013ರ ಜನವರಿಯಲ್ಲಿ ಹಾಕಿ ಇಂಡಿಯಾ ಲೀಗ್ ಶುರುಮಾಡಿದಾಗ ದೆಹಲಿ, ಪಂಜಾಬ್, ಮುಂಬೈ, ರಾಂಚಿ, ಉತ್ತರ ಪ್ರದೇಶಗಳಿಗೆ ಹೊಸ ತಂಡಗಳು ಸಿಕ್ಕವು. ಬೆಂಗಳೂರಿಗೂ ಚೆನ್ನೈಗೂ ಏನೂ ಇಲ್ಲ. ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶಕ್ಕೆ ಆಡಿದರು, ಸುನಿಲ್ ಪಂಜಾಬಿಗೆ. 2017ರ ನಂತರ ನಿಂತುಹೋಗಿದ್ದ ಆ ಲೀಗ್ 2024ರ ಡಿಸೆಂಬರ್‌ನಲ್ಲಿ ಮರಳಿದಾಗ ಪುರುಷರ ಎಂಟು ತಂಡಗಳಲ್ಲಿ ತಮಿಳುನಾಡು ಡ್ರ್ಯಾಗನ್ಸ್ ಇತ್ತು, ಹೈದರಾಬಾದ್ ತೂಫಾನ್ಸ್ ಇತ್ತು. ಕರ್ನಾಟಕದ ಹೆಸರಿನ ತಂಡ ಆಗಲೂ ಇರಲಿಲ್ಲ.