ಆರ್‌ಬಿ ಇಲಿಗೆ ಕಣ್ಣಿನ ಗಡ್ಡೆ ಏಕೆ ಬರಲಿಲ್ಲ?

ಗಡ್ಡೆ ಬೆಳೆಯದಂತೆ ತಡೆಯುವ ವಂಶವಾಹಿಗಳ ಅಧ್ಯಯನದಲ್ಲಿ 1992 ದೊಡ್ಡ ವರ್ಷ. ಆ ಮಾರ್ಚ್‌ನಲ್ಲಿ ಹ್ಯೂಸ್ಟನ್ನಿನ ಲ್ಯಾರಿ ಡೊನೆಹೋವರ್, ಅಲನ್ ಬ್ರ್ಯಾಡ್ಲಿ ಮತ್ತು ಸಂಗಡಿಗರು ಪಿ53 ವಂಶವಾಹಿ ಇಲ್ಲದ ಇಲಿಯ ವಿವರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರಿಗಳು ಬಹುಮಟ್ಟಿಗೆ ಸರಿಯಾಗಿಯೇ ಹುಟ್ಟಿದವು. ಆರು ತಿಂಗಳಾಗುವಷ್ಟರಲ್ಲಿ ಮುಕ್ಕಾಲು ಪಾಲು ಇಲಿಗಳಿಗೆ ಗಡ್ಡೆ ಬಂದಿತ್ತು. ಎಣಿಸಿದ್ದು ಎಣಿಸಿದಂತೆಯೇ ಆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಮೂರು ತಂಡಗಳು ಅದೇ ಪತ್ರಿಕೆಯಲ್ಲಿ ಆರ್‌ಬಿ ಎಂಬ ಇನ್ನೊಂದು ತಡೆ ವಂಶವಾಹಿ ಕೆಟ್ಟ ಇಲಿಯನ್ನು ವರದಿ ಮಾಡಿದವು. ಅಲ್ಲಿ ಎಣಿಕೆ ತಲೆಕೆಳಗಾಯಿತು. ಎರಡರಲ್ಲಿ ಹೆಚ್ಚು ಕಲಿಸಿದ್ದು ಈ ಎರಡನೆಯ ಇಲಿ ಎಂಬುದು ನನ್ನ ವಾದ.

ಆರ್‌ಬಿ ಎಂಬ ಹೆಸರು ಬಂದದ್ದು ರೆಟಿನೋಬ್ಲಾಸ್ಟೋಮಾದಿಂದ. ಇದು ಎಳೆಯ ಮಕ್ಕಳ ಅಕ್ಷಿಪಟಲದಲ್ಲಿ ಹುಟ್ಟುವ ಕ್ಯಾನ್ಸರ್. ಬೆಳಕು ಬಿದ್ದಾಗ ಕಣ್ಣಪಾಪೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುವುದು ಇದರ ಮೊದಲ ಗುರುತು. ಭಾರತದಲ್ಲಿ ವರ್ಷಕ್ಕೆ ಸುಮಾರು 1,500 ಮಕ್ಕಳಿಗೆ ಇದು ಬರುತ್ತದೆಂದು ವೈದ್ಯರ ಅಂದಾಜು. ಹಾಸನದ ಶೆಟ್ಟಿಹಳ್ಳಿಯಂಥ ಊರಿನಲ್ಲಿ ತಾಯಿಯೋ ಅಜ್ಜಿಯೋ ಈ ಹೊಳಪನ್ನು ಕಂಡು ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿದರೆ ಮಗುವಿನ ಜೀವವೂ ಎಷ್ಟೋ ಸಲ ದೃಷ್ಟಿಯೂ ಉಳಿಯುತ್ತವೆ. ತಡವಾದರೆ ಗಡ್ಡೆ ಕಣ್ಣಿನ ನರದ ಗುಂಟ ಮೆದುಳಿನತ್ತ ಸಾಗುತ್ತದೆ.

1971ರಲ್ಲಿ ಆಲ್ಫ್ರೆಡ್ ನುಡ್ಸನ್ ಇಂಥ 48 ರೋಗಿಗಳ ದಾಖಲೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಎರಡೂ ಕಣ್ಣಿಗೆ ಗಡ್ಡೆ ಬಂದ ಮಕ್ಕಳಲ್ಲಿ ರೋಗ ಬೇಗ ಕಾಣಿಸುತ್ತಿತ್ತು, ಒಂದೇ ಕಣ್ಣಿಗೆ ಬಂದವರಲ್ಲಿ ತಡವಾಗಿ. ಗಡ್ಡೆ ಏಳಲು ಎರಡು ಪೆಟ್ಟು ಬೇಕು, ಮೊದಲ ಗುಂಪಿನ ಮಕ್ಕಳು ಒಂದು ಪೆಟ್ಟನ್ನು ಹುಟ್ಟುವಾಗಲೇ ಹೊತ್ತು ಬಂದಿರುತ್ತಾರೆ ಎಂದು ಅವರು ತೀರ್ಮಾನಿಸಿದರು. ಎರಡು ವರ್ಷ ಮೊದಲು ಆಕ್ಸ್‌ಫರ್ಡಿನ ಹೆನ್ರಿ ಹ್ಯಾರಿಸ್ ತಂಡ ಇಲಿಯ ಕ್ಯಾನ್ಸರ್ ಕೋಶವನ್ನು ಆರೋಗ್ಯವಂತ ಕೋಶದೊಂದಿಗೆ ಬೆಸೆದಾಗ ಅದರ ಮಾರಕ ಗುಣ ಅಡಗಿದ್ದನ್ನು ತೋರಿಸಿತ್ತು. ತಡೆಯುವ ವಂಶವಾಹಿಗಳು ಇವೆ ಎಂಬ ನಂಬಿಕೆ ಹೀಗೆ ಎರಡು ದಿಕ್ಕಿನಿಂದ ಗಟ್ಟಿಯಾಯಿತು. 1986ರಲ್ಲಿ ಸ್ಟೀಫನ್ ಫ್ರೆಂಡ್, ರಾಬರ್ಟ್ ವೈನ್‌ಬರ್ಗ್, ತಡೇಯಸ್ ಡ್ರೈಜಾ ಮತ್ತಿತರರು 13ನೇ ವರ್ಣತಂತುವಿನಲ್ಲಿರುವ ಆರ್‌ಬಿಯನ್ನು ಪ್ರತ್ಯೇಕಿಸಿದರು.

ಅಷ್ಟರಲ್ಲಿ ಇಲಿಯ ವಂಶವಾಹಿಯನ್ನು ಬೇಕಾದ ಕಡೆ ಕೆಡಿಸುವ ವಿದ್ಯೆಯೂ ಹದಕ್ಕೆ ಬರುತ್ತಿತ್ತು. 1981ರಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್ ಇಲಿಯ ಭ್ರೂಣ ಕಾಂಡಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದ್ದರು. ಮಾರಿಯೋ ಕ್ಯಾಪೆಕಿ ಮತ್ತು ಆಲಿವರ್ ಸ್ಮಿಥೀಸ್ ಗುರಿಯಿಟ್ಟು ವಂಶವಾಹಿ ಬದಲಿಸುವ ದಾರಿ ತೋರಿಸಿದರು. ಇವಾನ್ಸ್, ಕ್ಯಾಪೆಕಿ, ಸ್ಮಿಥೀಸ್ ಮೂವರಿಗೂ 2007ರ ನೊಬೆಲ್ ಬಂತು. ಕೆಲಸ ಬಲು ತಾಳ್ಮೆಯದು. ಕಂದು ತುಪ್ಪಳದ ತಳಿಯಿಂದ ತೆಗೆದ ಕಾಂಡಕೋಶದಲ್ಲಿ ವಂಶವಾಹಿಯ ಒಂದು ಪ್ರತಿಯನ್ನು ಕೆಡಿಸಿ, ಅದನ್ನು ಕರಿ ತಳಿಯ ಕೆಲವೇ ದಿನದ ಭ್ರೂಣಕ್ಕೆ ಸೂಜಿಯಿಂದ ಸೇರಿಸುತ್ತಾರೆ. ಹುಟ್ಟುವ ಮರಿಯ ಮೈಮೇಲೆ ಕರಿ, ಕಂದು ಪಟ್ಟೆಗಳು ಮೂಡುತ್ತವೆ. ಕಂದು ಹೆಚ್ಚಿದ್ದಷ್ಟೂ ಬದಲಾದ ಕೋಶಗಳು ಮೈಯಲ್ಲಿ ಹರಡಿಕೊಂಡಿವೆ ಎಂದರ್ಥ. ಆ ಇಲಿಯ ಸಂತಾನದಲ್ಲಿ ಯಾರಿಗೆ ಕೆಟ್ಟ ಪ್ರತಿ ದಾಟಿದೆ ಎಂದು ತಿಳಿಯಲು ಬಾಲದ ತುದಿಯಿಂದಲೋ ಕಿವಿಯಂಚಿನಿಂದಲೋ ಚೂರು ತೆಗೆದು ಡಿಎನ್‌ಎ ಪರೀಕ್ಷಿಸುತ್ತಾರೆ.

ಎಂಐಟಿಯ ಟೈಲರ್ ಜಾಕ್ಸ್, ಟೆಕ್ಸಾಸಿನ ಈವಾ ಲೀ ಮತ್ತು ಆಮ್‌ಸ್ಟರ್‌ಡ್ಯಾಮಿನ ಹೈನ್ ಟೆ ರೀಲೆ ಅವರ ತಂಡಗಳು ಆರ್‌ಬಿ ಇಲಿಯನ್ನು ಪಡೆದದ್ದು ಹೀಗೆಯೇ. ಎರಡೂ ಪ್ರತಿ ಕೆಟ್ಟ ಭ್ರೂಣಗಳು ಎರಡು ವಾರದ ಆಸುಪಾಸಿನಲ್ಲಿ ಗರ್ಭದಲ್ಲೇ ಸತ್ತವು. ಅವುಗಳಲ್ಲಿ ರಕ್ತ ಮತ್ತು ನರಮಂಡಲದ ಬೆಳವಣಿಗೆ ಹದಗೆಟ್ಟಿತ್ತು. ಒಂದೇ ಪ್ರತಿ ಕೆಟ್ಟ ಇಲಿಗಳ ಸ್ಥಿತಿ, ಆನುವಂಶಿಕ ರೋಗವಿರುವ ಮಗುವಿನ ಸ್ಥಿತಿಯೇ. ಆದರೆ ಅವುಗಳ ಕಣ್ಣಿಗೆ ಏನೂ ಆಗಲಿಲ್ಲ, ಗಡ್ಡೆ ಎದ್ದದ್ದು ಪಿಟ್ಯುಟರಿ ಗ್ರಂಥಿಯಲ್ಲಿ. ಮನುಷ್ಯರಲ್ಲಿ ಆರ್‌ಬಿ ದೋಷಕ್ಕೂ ಪಿಟ್ಯುಟರಿ ಗಡ್ಡೆಗೂ ಅಂಥ ನಂಟು ಕಂಡಿರಲಿಲ್ಲ.

ಉತ್ತರಕ್ಕೆ ಆರು ವರ್ಷ ಕಾಯಬೇಕಾಯಿತು. 1998ರಲ್ಲಿ ಆಮ್‌ಸ್ಟರ್‌ಡ್ಯಾಮಿನವರು ಆರ್‌ಬಿ ಮತ್ತು ಅದರ ದಾಯಾದಿ ಪಿ107 ಎರಡೂ ಇಲ್ಲದ ಕೋಶಗಳನ್ನು ಬೆರೆಸಿ ಇಲಿಗಳನ್ನು ಬೆಳೆಸಿದಾಗ ಕೊನೆಗೂ ಕಣ್ಣಿನಲ್ಲಿ ಗಡ್ಡೆ ಕಾಣಿಸಿತು. ಇಲಿಯ ಅಕ್ಷಿಪಟಲದಲ್ಲಿ ಆರ್‌ಬಿ ಹೋದರೆ ಪಿ107 ಹೆಚ್ಚಿ ಅದರ ಜಾಗ ತುಂಬುತ್ತದೆ, ಮನುಷ್ಯನ ಅಕ್ಷಿಪಟಲದಲ್ಲಿ ಹಾಗೆ ತುಂಬುವುದಿಲ್ಲ ಎಂದು ಮೈಕಲ್ ಡೈಯರ್ ತಂಡ 2006ರಲ್ಲಿ ತೋರಿಸಿತು. ಡೇವಿಡ್ ಕೊಬ್ರಿನಿಕ್ ತಂಡ 2009ರಲ್ಲಿ ಇನ್ನೂ ಆಳಕ್ಕೆ ಹೋಯಿತು. ಮಗುವಿನ ಗಡ್ಡೆಯಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳ ಪೂರ್ವರೂಪದ ಲಕ್ಷಣಗಳೇ ಇವೆ ಎಂದಿತು. ಅಂದರೆ ವಂಶವಾಹಿಯೊಂದು ಗಡ್ಡೆಯನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಯಾವ ಪ್ರಾಣಿ, ಯಾವ ಅಂಗ, ಯಾವ ಕೋಶ ಎಂದು ಸೇರಿಸದೆ ಉತ್ತರವಿಲ್ಲ. ಸ್ತನ ಕ್ಯಾನ್ಸರಿನ ಬಿಆರ್‌ಸಿಎ1 ವಿಷಯದಲ್ಲೂ ಇದೇ ಆಯಿತು. ಒಂದು ಪ್ರತಿ ಕೆಟ್ಟ ಇಲಿಗಳಿಗೆ ಸ್ತನದ ಗಡ್ಡೆ ಬರಲಿಲ್ಲ. ಕ್ರೀ-ಲಾಕ್ಸ್ ಎಂಬ ವಿಧಾನದಲ್ಲಿ ಸ್ತನದ ಕೋಶಗಳಲ್ಲಷ್ಟೇ ಎರಡೂ ಪ್ರತಿ ತೆಗೆದಾಗ, 1999ರಲ್ಲಿ, ಬಂತು.

ಬೆಂಗಳೂರಿನ ಕೆಲಸವನ್ನು ನಾನು ಈ ಬೆಳಕಿನಲ್ಲಿ ಓದುತ್ತೇನೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ತಂಡ, ಪಿಸಿ4 ಎಂಬ ಪ್ರೊಟೀನು ಪಿ53ರ ಕೆಲಸಕ್ಕೆ ಚುರುಕು ಕೊಡುತ್ತದೆಂದು 2004ರಲ್ಲಿ ತೋರಿಸಿತು. ಇಡೀ ದೇಹದಲ್ಲಿ ಪಿಸಿ4 ಇಲ್ಲದಿದ್ದರೆ ಇಲಿಯ ಭ್ರೂಣವೇ ಉಳಿಯದು. ಹಾಗಾಗಿ ಮೆದುಳಿನಲ್ಲಿ ಮಾತ್ರ ಅದನ್ನು ತೆಗೆದ ಇಲಿಗಳನ್ನು 2016ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಕಂಡದ್ದು, ಕಲಿತ ಜಾಗದ ಹಳೆಯ ನೆನಪನ್ನು ಅಳಿಸಿಕೊಳ್ಳುವ ಶಕ್ತಿಯ ಕುಂದು. ಗಡ್ಡೆಯ ಜಾಡು ಹಿಡಿದು ಹೊರಟ ಪ್ರಶ್ನೆ ನೆನಪಿನ ಬಾಗಿಲಿಗೆ ಬಂದು ನಿಂತಿತು. ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ನಿಮ್ಹಾನ್ಸ್ ವೈದ್ಯರು ಗ್ಲಿಯೋಮಾ ಎಂಬ ಮೆದುಳಿನ ಗಡ್ಡೆಯ ಅಧ್ಯಯನವನ್ನು ರೋಗಿಗಳ ಗಡ್ಡೆಯ ಮಾದರಿಗಳಿಂದಲೇ ಕಟ್ಟಿದರು. ನಾರಾಯಣ ನೇತ್ರಾಲಯದ ಸಂಶೋಧಕರು ರೆಟಿನೋಬ್ಲಾಸ್ಟೋಮಾ ವಿಷಯದಲ್ಲಿ ಹಿಡಿದದ್ದೂ ಇದೇ ದಾರಿ. ಇತ್ತ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ರಾಷ್ಟ್ರೀಯ ಇಲಿ ಸಂಶೋಧನಾ ಸಂಪನ್ಮೂಲ ಬೆಳೆದಿದೆ.

2020ರಲ್ಲಿ ಚೀನಾದ ಸಂಶೋಧಕರು ಆರ್‌ಬಿ ಕಳೆದುಕೊಂಡ ಮಾನವ ಕಾಂಡಕೋಶಗಳಿಂದ ತಟ್ಟೆಯಲ್ಲೇ ಪುಟ್ಟ ಅಕ್ಷಿಪಟಲ ಬೆಳೆಸಿ, ಅದರಲ್ಲಿ ಗಡ್ಡೆ ಏಳುವುದನ್ನು ಕಂಡರು. ಆದರೆ ಅಲ್ಲಿ ರಕ್ತನಾಳವಿಲ್ಲ, ರೋಗನಿರೋಧಕ ವ್ಯವಸ್ಥೆಯಿಲ್ಲ, ಔಷಧಿಯನ್ನು ಅರಗಿಸುವ ಯಕೃತ್ತಿಲ್ಲ. ಔಷಧಿ ಕಣ್ಣಿನೊಳಗಿನ ಗಡ್ಡೆಯನ್ನು ಎಷ್ಟು ಮುಟ್ಟುತ್ತದೆ, ಉಳಿದ ಮೈಗೆ ಎಷ್ಟು ಹಾನಿ ಮಾಡುತ್ತದೆ ಎಂದು ನೋಡಲು ಪಿ107 ಕೂಡ ಇಲ್ಲದ ಆ ಇಲಿ ಇಂದಿಗೂ ಬೇಕು.